ರಟ್ಟಿನ ಪೆಟ್ಟಿಗೆಯ ಐದು ಕುನ್ನಿಗಳು

(ಧಾರವಾಡದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ನಾಯಿ-ಬೆಕ್ಕು ಸಾಕಿದ ಮನೆಯವರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಬೆಳಗಿನಿಂದ ಜಿಟಿಜಿಟಿ ಮಳೆ. ಅಂಥದ್ದರಲ್ಲೂ ಇಷ್ಟು ಜನ ಬಂದಿದ್ದೀರಿ, ಚಿಕ್ಕ ಮಕ್ಕಳನ್ನೂ ಕರೆತಂದಿದ್ದೀರಿ. ಮಕ್ಕಳು ಕೇಳಬಾರದಂಥದ್ದು ಇದರಲ್ಲಿ ಏನೂ ಇಲ್ಲ. ಅವರು ಕೇಳಲಿ.

ಮೊದಲು ಒಂದು ಪೆಟ್ಟಿಗೆಯ ವಿಷಯ ಹೇಳುತ್ತೇನೆ.

ಈ ವರ್ಷ ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಹಾಲಿನ ಪಾಕೀಟು ತರಲು ಬಾಗಿಲು ತೆಗೆದರೆ ಗೇಟಿನ ಒಳಗೆ ಒಂದು ಬಿಸ್ಕೀಟಿನ ರಟ್ಟಿನ ಪೆಟ್ಟಿಗೆ. ನಾನು ದನದ ಡಾಕ್ಟರು, ಇಲಾಖೆಯಿಂದ ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿದೆ. ಆದರೂ ಇಂಥ ಪೆಟ್ಟಿಗೆಗಳು ನಮ್ಮ ಮನೆಯ ದಾರಿ ಮರೆತಿಲ್ಲ. ತೆಗೆದು ನೋಡಿದರೆ ಐದು ಕುನ್ನಿಗಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಂದರೆ ಹುಟ್ಟಿ ಹತ್ತು ದಿನವೂ ಆಗಿರಲಿಕ್ಕಿಲ್ಲ. ಐದೂ ಹೆಣ್ಣು. ಕೆಳಗೆ ಹಳೆಯ ಇಳಕಲ್ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಮೂಲೆಯಲ್ಲಿ ಒಂದು ಸ್ಟೀಲಿನ ಬಟ್ಟಲು, ಅದರಲ್ಲಿ ಹಾಲು. ಚಳಿಗೆ ಹಾಲಿನ ಮೇಲೆ ಕೆನೆ ಕಟ್ಟಿತ್ತು.

ಆ ಬಟ್ಟಲನ್ನು ನಾನು ಬಹಳ ಹೊತ್ತು ನೋಡಿದೆ. ಕಣ್ಣು ಬಿಡದ ಮರಿಗೆ ಬಟ್ಟಲಿನಿಂದ ಹಾಲು ನೆಕ್ಕಲು ಬರುವುದಿಲ್ಲ. ಅದಕ್ಕೆ ತಾಯಿಯ ಮೊಲೆ ಬೇಕು, ತಾಯಿಯ ಮೈಯ ಕಾವು ಬೇಕು. ಪೆಟ್ಟಿಗೆ ಇಟ್ಟು ಹೋದವರು ಕಟುಕರಲ್ಲ. ಸೀರೆ ಮಡಚಿ ಹಾಸಿದ ಕೈಗೆ ಪ್ರೀತಿ ಗೊತ್ತಿತ್ತು. ಐದು ಹೆಣ್ಣು ಮರಿ ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಗಂಡು ಮರಿಗಳಿದ್ದರೆ ಯಾರೋ ಕೇಳಿ ಒಯ್ದಿರುತ್ತಾರೆ. ಹೆಣ್ಣು ಮರಿ ಯಾರಿಗೂ ಬೇಡ, ಯಾಕೆಂದರೆ ಅದು ಮತ್ತೆ ಮರಿ ಹಾಕುತ್ತದೆ. ಅಷ್ಟೇ ಕಾರಣ.

ಮೂರು ಮರಿ ಎರಡೇ ದಿನದಲ್ಲಿ ಹೋದವು. ರಾತ್ರಿಯೆಲ್ಲ ಎರಡೆರಡು ತಾಸಿಗೊಮ್ಮೆ ಎದ್ದು ಸಿರಿಂಜಿನಲ್ಲಿ ಹನಿ ಹನಿ ಹಾಲು ಹಾಕಿದೆವು, ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆವು. ಉಳಿದದ್ದು ಎರಡು.

ನಾನು ಇವತ್ತು ಹೇಳಬೇಕೆಂದಿರುವುದು ಆ ಮರಿಗಳಿಗಿಂತ ಅವುಗಳ ತಾಯಿಯ ಬಗ್ಗೆ. ಆಕೆ ಯಾವುದೋ ಮನೆಯ ನಾಯಿ. ಆಕೆಗೆ ಆರು ತಿಂಗಳ ಮೊದಲೇ ಮರಿ ಆಗದಂತೆ ಮಾಡುವ ಒಂದು ಆಪರೇಷನ್ ಆಗಿದ್ದರೆ ಆ ಪೆಟ್ಟಿಗೆ ಇರುತ್ತಿರಲಿಲ್ಲ.

ಇಂಗ್ಲಿಷ್ ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ನೀವು ಒಂದು ಲೆಕ್ಕ ನೋಡಿರಬಹುದು. ಒಂದು ಜೋಡಿ ನಾಯಿಯಿಂದ ಆರೇ ವರ್ಷದಲ್ಲಿ 67 ಸಾವಿರ ನಾಯಿ ಆಗುತ್ತವೆ ಅಂತ. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಹುಟ್ಟಿದ ಮರಿಯೆಲ್ಲ ಬದುಕಿದರೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ. ಬದುಕುವುದಿಲ್ಲ, ಅದೇ ನಿಜ. ಪಶ್ಚಿಮ ಬಂಗಾಳದಲ್ಲಿ ಕೆಲವು ವಿಜ್ಞಾನಿಗಳು ಬೀದಿನಾಯಿಗಳ 95 ಸೂಲುಗಳನ್ನು, ಅಂದರೆ 364 ಮರಿಗಳನ್ನು, ಹುಟ್ಟಿನಿಂದ ಏಳು ತಿಂಗಳು ಹಿಂಬಾಲಿಸಿ ನೋಡಿದರು. 2016ರಲ್ಲಿ ಅದು ಪ್ರಕಟವಾಯಿತು. ಮರಿ ಹಾಕುವ ವಯಸ್ಸಿನ ತನಕ ಉಳಿದದ್ದು ನೂರಕ್ಕೆ 19. ಐದರಲ್ಲಿ ಒಂದೂ ಪೂರ್ತಿ ಇಲ್ಲ. ಸತ್ತವುಗಳಲ್ಲಿ ಬಹಳಷ್ಟರ ಸಾವಿಗೆ ಮನುಷ್ಯರೇ ಕಾರಣ. ಗಾಡಿ ಹಾಯುವುದು, ಹೊಡೆಯುವುದು, ವಿಷ ಹಾಕುವುದು, ತಾಯಿಯಿಂದ ಕಿತ್ತು ಎಲ್ಲೋ ಬಿಡುವುದು.

ನಮ್ಮ ಊರಲ್ಲಿ ನಾಯಿಗಳು 67 ಸಾವಿರ ಆಗುತ್ತಿಲ್ಲವಲ್ಲ, ಯಾಕೆ ಎಂದು ಯೋಚನೆ ಮಾಡಿ. ನಾವು ಹುಟ್ಟು ತಡೆಯದೇ ಇರುವ ಕಡೆ ಸಾವು ಬಂದು ಲೆಕ್ಕ ಸರಿಮಾಡುತ್ತಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿಗಳು ಹಿಂಡು ಕಟ್ಟಿ ಓಡಾಡುವುದನ್ನು ನೋಡುತ್ತೀರಿ. ಕಾರ್ತಿಕ ಮಾಸದ ನಾಯಿ ಅಂತ ಮಾತೇ ಇದೆ. ಎರಡು ತಿಂಗಳಾದ ಮೇಲೆ, ಚಳಿ ಜೋರಾದಾಗ, ಗಟಾರದ ಪಕ್ಕ, ಮರಳಿನ ಗುಡ್ಡೆಯಲ್ಲಿ, ಕಟ್ಟುತ್ತಿರುವ ಮನೆಯ ಮೆಟ್ಟಿಲಿನ ಕೆಳಗೆ ಮರಿಗಳು. ಯುಗಾದಿ ಬರುವಷ್ಟರಲ್ಲಿ ಅವು ಎಲ್ಲಿ ಹೋದವು ಎಂದು ಯಾರೂ ಕೇಳುವುದಿಲ್ಲ.

ಇನ್ನು ಆಪರೇಷನ್ ಅಂದರೆ ಏನು? ನಮ್ಮ ಭಾಗದ ಜನಕ್ಕೆ ಇದು ಹೊಸ ವಿಷಯ ಅಲ್ಲವೇ ಅಲ್ಲ. ಉಳುವ ಎತ್ತಿಗೆ ಬೀಜ ಒಡೆಸುವುದು ಅಜ್ಜನ ಕಾಲದಿಂದಲೂ ಇದೆ. ಮೊದಲೆಲ್ಲ ಕೋಲಿನ ನಡುವೆ ಹಿಡಿದು ಜಜ್ಜುತ್ತಿದ್ದರು, ಆ ನೋವು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಆಮೇಲೆ ಬರ್ಡಿಜೊ ಇಕ್ಕಳ ಬಂತು. ಇಟಲಿಯ ಬರ್ಡಿಜೊ ಎಂಬವರು ಮಾಡಿದ್ದು. ಚರ್ಮ ಕೊಯ್ಯದೆ, ರಕ್ತ ಬರದೆ, ಒಳಗಿನ ನರದ ಹುರಿಯನ್ನು ಮಾತ್ರ ಒತ್ತಿ ಬಿಡುತ್ತದೆ. ಶಿಗ್ಗಾವಿ, ಹಾನಗಲ್ಲ ಕಡೆ ಹೋರಿ ಅಂದರೆ ಜೀವ ಬಿಡುವ ಜನ. ಅಲ್ಲಿ ಕೆಲಸ ಮಾಡುವಾಗ ನಾನು ಎಷ್ಟು ಹೋರಿಗಳಿಗೆ ಆ ಇಕ್ಕಳ ಹಿಡಿದೆನೋ ಲೆಕ್ಕ ಇಟ್ಟಿಲ್ಲ. ಯಾವ ರೈತನೂ "ಪಾಪ ಬರ್ತೈತಿ" ಅಂದಿಲ್ಲ. ಕಾರಹುಣ್ಣಿಮೆಗೆ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ ಕೈಮುಗಿಯುವುದು ಅದೇ ಎತ್ತಿಗೆ. ಬೀಜ ಒಡೆಸಿದ್ದಕ್ಕೆ ಅದರ ಮಾನ ಒಂದಿಷ್ಟೂ ಕಡಿಮೆ ಆಗಲಿಲ್ಲ. ಅದೇ ರೈತ ಮನೆಯ ನಾಯಿಗೆ ಆಪರೇಷನ್ ಅಂದರೆ ಹಿಂದೆ ಸರಿಯುತ್ತಾನೆ. ಎತ್ತಿಗೆ ನೋವು ಕೊಟ್ಟೂ ಮಾಡಿಸಿದವರು, ನೋವೇ ತಿಳಿಯದಂತೆ ಮಾಡುವ ಇದಕ್ಕೆ ಯಾಕೆ ಹಿಂಜರಿಯಬೇಕು?

ಗಂಡು ನಾಯಿಗೆ ಮಾಡುವುದು ಸಣ್ಣ ಆಪರೇಷನ್. ಅರಿವಳಿಕೆ ಔಷಧ ಕೊಟ್ಟು, ಒಂದು ಸಣ್ಣ ಗಾಯದಿಂದ ಎರಡೂ ಬೀಜಗಳನ್ನು ತೆಗೆಯುತ್ತೇವೆ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು. ಅಂಡಾಶಯ, ಗರ್ಭಚೀಲ ಎರಡನ್ನೂ ತೆಗೆಯುವುದು ನಮ್ಮಲ್ಲಿ ರೂಢಿ. ಚಿಕ್ಕ ವಯಸ್ಸಿನ ಆರೋಗ್ಯವಂತ ನಾಯಿಯ ಗರ್ಭಚೀಲ ಎಷ್ಟು ಇರುತ್ತದೆ ಗೊತ್ತಾ? ಎರಡು ಕವಲು, ಒಂದೊಂದು ಕವಲು ಹೆಚ್ಚುಕಡಿಮೆ ಬಾಲ್ ಪೆನ್ನಿನ ರಿಫಿಲ್ ದಪ್ಪ. ಬೆರಳ ತುದಿಗೆ ಸಿಕ್ಕರೆ ಗುಲಾಬಿ ಬಣ್ಣದ ದಾರದ ಹಾಗೆ ಜಾರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಈಗ ಹೇಳುವುದಕ್ಕೆ ಇದು ಬೇಕು.

ಕೆಲವು ವರ್ಷದ ಹಿಂದೆ, ಏಪ್ರಿಲ್ ಬಿಸಿಲಲ್ಲಿ, ಹುಬ್ಬಳ್ಳಿಯಿಂದ ಒಬ್ಬ ತಾಯಿ ಎಂಟು ವರ್ಷದ ಬಿಳಿ ಪಾಮೆರೇನಿಯನ್ ನಾಯಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. "ಡಾಕ್ಟ್ರ, ಒಂದ್ ವಾರದಿಂದ ಬರೇ ನೀರ್ ಕುಡೀತೈತ್ರಿ. ಬಿಸಲಿಗೆ ಇರಬೇಕು ಅನಕೊಂಡ್ವಿ. ನಿನ್ನೆಯಿಂದ ಕೂಳ ಮುಟ್ಟಿಲ್ರಿ" ಅಂದರು. ನಾನು ಕೇಳಿದ ಮೊದಲ ಪ್ರಶ್ನೆ, "ಬೆದೆಗೆ ಬಂದು ಎಷ್ಟು ದಿನ ಆಯ್ತು?" ಅವರು ಬೆರಳು ಮಡಚಿ ಎಣಿಸಿದರು. ಹೆಚ್ಚುಕಡಿಮೆ ಆರು ವಾರ. ಹೊಟ್ಟೆ ಮುಟ್ಟಿದೆ, ಬಿಗಿದುಕೊಂಡಿತ್ತು. ಕೆಳಗಿನಿಂದ ಕೀವು ಏನೂ ಬರುತ್ತಿರಲಿಲ್ಲ. ಅದೇ ಹೆದರಿಕೆಯ ವಿಷಯ. ಕೀವು ಹೊರಗೆ ಬಂದರೆ ಮನೆಯವರ ಕಣ್ಣಿಗೆ ಬೀಳುತ್ತದೆ. ಗರ್ಭಚೀಲದ ಬಾಯಿ ಮುಚ್ಚಿಕೊಂಡರೆ ಎಲ್ಲ ಒಳಗೇ ಉಳಿಯುತ್ತದೆ.

ಅವತ್ತೇ ಹೊಟ್ಟೆ ತೆರೆದೆವು. ರಿಫಿಲ್ ದಪ್ಪ ಇರಬೇಕಾದದ್ದು ಬಲಿತ ಹೀರೇಕಾಯಿಯಷ್ಟು ಆಗಿತ್ತು. ಎರಡೂ ಕವಲು ತುಂಬ ಕೀವು. ಹಿಡಿದು ಎತ್ತಲು ಕೈ ನಡುಗುತ್ತದೆ, ಯಾಕೆಂದರೆ ಎಲ್ಲಾದರೂ ಒಡೆದರೆ ಕೀವು ಹೊಟ್ಟೆಯೆಲ್ಲ ಹರಡುತ್ತದೆ, ಆಮೇಲೆ ಉಳಿಸುವುದು ಬಹಳ ಕಷ್ಟ. ಆ ನಾಯಿ ಉಳಿಯಿತು. ಆದರೆ ಇಂಥದ್ದೇ ಕಾಯಿಲೆ ಬಂದ, ಎರಡು ದಿನ ತಡಮಾಡಿ ಬಂದ ನಾಯಿಗಳು ನನ್ನ ಮೇಜಿನ ಮೇಲೆಯೇ ಹೋಗಿವೆ. ಮೂತ್ರಪಿಂಡ ಕೈಕೊಟ್ಟಿರುತ್ತದೆ, ರಕ್ತಕ್ಕೆ ನಂಜು ಏರಿರುತ್ತದೆ.

ಇದು ಯಾಕೆ ಆಗುತ್ತದೆ? ಹೆಣ್ಣು ನಾಯಿ ಪ್ರತಿ ಸಲ ಬೆದೆಗೆ ಬಂದು ಹೋದ ಮೇಲೆ, ಬಸಿರಾಗಲಿ ಬಿಡಲಿ, ಎರಡು ತಿಂಗಳು ಅದರ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಜಾಸ್ತಿ ಇರುತ್ತದೆ. ಗರ್ಭಚೀಲ ಮರಿಗಾಗಿ ಮೆತ್ತಗೆ ಹಾಸಿಗೆ ಹಾಸಿ ಕಾಯುತ್ತದೆ. ವರ್ಷಕ್ಕೆ ಒಂದೋ ಎರಡೋ ಸಲ ಹೀಗೆ ಹಾಸುತ್ತ ಹಾಸುತ್ತ ಒಳಪದರ ದಪ್ಪವಾಗುತ್ತದೆ, ನೀರು ಕಟ್ಟುತ್ತದೆ. ರೋಗಾಣು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ವೀಡನ್ನಿನಲ್ಲಿ ಆರೋಗ್ಯವಾಗಿರುವ ಹೆಣ್ಣು ನಾಯಿಗೆ ಆಪರೇಷನ್ ಮಾಡಿಸುವ ರೂಢಿ ಕಡಿಮೆ ಇತ್ತು, ಹಾಗೇ ನಾಯಿಗಳಿಗೆ ವಿಮೆ ಮಾಡಿಸುವ ರೂಢಿ ಜಾಸ್ತಿ. ಆ ವಿಮೆ ದಾಖಲೆಗಳನ್ನು ತೆಗೆದು ನೋಡಿದಾಗ, 10 ವರ್ಷ ತುಂಬುವುದರೊಳಗೆ ನಾಲ್ಕು ಹೆಣ್ಣು ನಾಯಿಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಈ ಕಾಯಿಲೆ ಬಂದಿತ್ತು. ನಾಲ್ಕರಲ್ಲಿ ಒಂದು. ಗರ್ಭಚೀಲ, ಅಂಡಾಶಯ ತೆಗೆದ ನಾಯಿಗೆ ಈ ಭಯ ಇರುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೆದೆಗೆ ಬಾರದಂತೆ ಇಂಜೆಕ್ಷನ್ ಕೊಡಿ ಎಂದು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಇರುವುದು ಅದೇ ಜಾತಿಯ ಹಾರ್ಮೋನು. ನಾನು ಈಗ ಹೇಳಿದ ಕಾಯಿಲೆಯನ್ನು ದುಡ್ಡು ಕೊಟ್ಟು ತಂದ ಹಾಗೆ.

ಇನ್ನೊಂದು ಕಾಯಿಲೆ, ಮೊಲೆಯ ಗಂಟು. ಸ್ನಾನ ಮಾಡಿಸುವಾಗ ನಿಮ್ಮ ನಾಯಿಯ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿ. ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕರೆ ಅಂದೇ ತೋರಿಸಿ. ನಾಯಿಗಳಲ್ಲಿ ಇಂಥ ಗಂಟುಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್. ಬೆಕ್ಕುಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಕ್ಯಾನ್ಸರೇ. ಅಮೆರಿಕದಲ್ಲಿ 1969ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಮೊದಲ ಬೆದೆಗೆ ಮುಂಚೆಯೇ ಆಪರೇಷನ್ ಆದ ನಾಯಿಗಳಿಗೆ ಈ ಅಪಾಯ, ಆಪರೇಷನ್ ಆಗದ ನಾಯಿಗಳಿಗೆ ಹೋಲಿಸಿದರೆ ನೂರು ಪಾಲಿನಲ್ಲಿ ಅರ್ಧ ಪಾಲು, ಅಂದರೆ ಶೇಕಡಾ 0.5 ಮಾತ್ರ. ಒಂದು ಬೆದೆ ಆದ ಮೇಲೆ 8, ಎರಡಾದ ಮೇಲೆ 26. ಈ ಅಂಕಿಗಳು ಇಷ್ಟೊಂದು ಗಟ್ಟಿಯಲ್ಲ ಎಂದು ಇತ್ತೀಚೆಗೆ ಪರಿಶೀಲಿಸಿದವರು ಹೇಳಿದ್ದಾರೆ, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ನಮ್ಮ ದವಾಖಾನೆಗೆ ದೊಡ್ಡ ದೊಡ್ಡ ಗಂಟು ಹೊತ್ತು ಬಂದ ಮುದಿ ನಾಯಿಗಳನ್ನು ನೆನೆಸಿಕೊಂಡರೆ, ಅವುಗಳಲ್ಲಿ ಚಿಕ್ಕಂದಿನಲ್ಲೇ ಆಪರೇಷನ್ ಆದದ್ದು ಒಂದೂ ನನಗೆ ನೆನಪಾಗುವುದಿಲ್ಲ.

"ಒಂದು ಸಲ ತಾಯಿ ಆಗಲಿ, ಆಮೇಲೆ ಮಾಡಿಸಿದರಾಯಿತು." ಈ ಮಾತು ಎಲ್ಲ ಮನೆಯಲ್ಲೂ ಕೇಳುತ್ತೇನೆ. ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾನೇ ಹೀಗೆ ಹೇಳಿ ಕಳಿಸಿದ್ದೇನೆ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದೆವು. ಗದಗದಲ್ಲಿದ್ದಾಗ ಒಬ್ಬ ಮಾಸ್ತರರು ನನ್ನ ಮಾತು ಕೇಳಿ ತಮ್ಮ ನಾಯಿಯನ್ನು ಹಾಗೇ ಬಿಟ್ಟರು. ಏಳು ವರ್ಷದ ಮೇಲೆ ಅದೇ ನಾಯಿಯನ್ನು, ಒಡೆದು ಹುಣ್ಣಾದ ಮೊಲೆಗಂಟಿನ ಸಮೇತ, ಅವರೇ ಎತ್ತಿಕೊಂಡು ಬಂದರು. ಒಂದು ಮಾತೂ ನನ್ನನ್ನು ಬೈಯಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ. ಒಂದು ಸಲ ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ತಾಯಿ ಆಗಲಿಲ್ಲವಲ್ಲ ಎಂದು ನಾಯಿ ಕೊರಗುವುದೂ ಇಲ್ಲ. ಆ ಕೊರಗು ನಮ್ಮದು.

ನೀವು ಗಮನಿಸಿದ್ದೀರಾ, ಕೆಲವು ಹೆಣ್ಣು ನಾಯಿಗಳು ಬೆದೆಗೆ ಬಂದು ಎರಡು ತಿಂಗಳಾದ ಮೇಲೆ, ಬಸಿರಾಗದೇ ಇದ್ದರೂ, ಮೊಲೆಯಲ್ಲಿ ಹಾಲು ಇಳಿಸುತ್ತವೆ. ಮನೆಯ ಮಗುವಿನ ಚಪ್ಪಲಿಯನ್ನೋ, ಗೊಂಬೆಯನ್ನೋ ಮಂಚದ ಕೆಳಗೆ ಒಯ್ದು, ಸುತ್ತಿ ಮಲಗಿ, ಮುಟ್ಟಲು ಹೋದರೆ ಗುರ್ ಅನ್ನುತ್ತವೆ. ಸುಳ್ಳು ಬಸಿರು ಅನ್ನುತ್ತೇವೆ. ನೋಡಿದವರಿಗೆ "ಪಾಪ, ಮರಿ ಬೇಕಾಗಿದೆ" ಅನಿಸುತ್ತದೆ. ಅದು ಹಾರ್ಮೋನಿನ ಆಟ. ಮರಿ ಹಾಕಿಸಿದರೆ ಅದು ನಿಲ್ಲುವುದಿಲ್ಲ, ಮುಂದಿನ ಸಲವೂ ಬರಬಹುದು. ಆಪರೇಷನ್ನಿನಿಂದ ನಿಲ್ಲುತ್ತದೆ. ಆದರೆ ಹಾಲು ಇರುವಾಗಲೇ ಮಾಡಿಸಬೇಡಿ, ಅದು ಇಂಗಿದ ಮೇಲೆ ಮಾಡಿಸಿ.

ಬೆದೆಯ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಬಹಳ ಮನೆಗಳಲ್ಲಿ ಮರಿ ಹುಟ್ಟುವುದೇ ಇದರಿಂದ. ನಾಯಿಗೆ ರಕ್ತ ಹೋಗುವಾಗ ಹೆಂಗಸರ ಮುಟ್ಟಿನ ಹಾಗೆ ಎಂದುಕೊಂಡು ಒಂಬತ್ತು ಹತ್ತು ದಿನ ಕಟ್ಟಿಹಾಕುತ್ತಾರೆ. ರಕ್ತ ನಿಂತ ಕೂಡಲೇ "ಮುಗೀತು" ಎಂದು ಬಿಡುತ್ತಾರೆ. ಮುಗಿದಿರುವುದಿಲ್ಲ, ಆಗ ಶುರುವಾಗಿರುತ್ತದೆ. ರಕ್ತ ಕಡಿಮೆಯಾಗುತ್ತ ಬಂದಾಗಲೇ ನಾಯಿ ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದು, ಬಸಿರು ನಿಲ್ಲುವುದೂ ಆಗಲೇ. ಕೂಡಿದ ಮೇಲೆ ಸುಮಾರು 63 ದಿನ. ಆಮೇಲೆ ರಟ್ಟಿನ ಪೆಟ್ಟಿಗೆ.

ಬೆಕ್ಕಿನದು ಇನ್ನೂ ವೇಗ. ನಾಲ್ಕೈದು ತಿಂಗಳ ಮರಿಯೇ ಬಸಿರಾಗುತ್ತದೆ. ಕೂಡಿದ ಮೇಲೆಯೇ ಅದರ ಅಂಡ ಬಿಡುಗಡೆಯಾಗುವುದು, ಹಾಗಾಗಿ ಗುರಿ ತಪ್ಪುವುದು ಕಡಿಮೆ. ಒಂದು ಸೂಲಿನ ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ಮತ್ತೊಂದು ಬಸಿರು ನಿಲ್ಲಬಹುದು. ರಾತ್ರಿ ಮಾಡಿನ ಮೇಲೆ ಬೆಕ್ಕು ಮಗುವಿನಂತೆ ಅಳುತ್ತದೆ, ಅಪಶಕುನ ಎಂದು ಕಲ್ಲು ಹೊಡೆಯುತ್ತಾರೆ. ಅದು ಬೆದೆಗೆ ಬಂದ ಬೆಕ್ಕು. ಐದು ತಿಂಗಳು ತುಂಬುವುದರೊಳಗೆ ಆಪರೇಷನ್ ಮಾಡಿಸಿದರೆ ಆ ಕೂಗೂ ಇಲ್ಲ, ಕಲ್ಲೇಟೂ ಇಲ್ಲ. ಗಂಡು ಬೆಕ್ಕಾದರೆ ಗೋಡೆ ಗೋಡೆಗೆ ಮೂತ್ರ ಹಾರಿಸುವುದು ಬಹುಪಾಲು ನಿಲ್ಲುತ್ತದೆ, ಜಗಳಾಡಿ ಕಿವಿ ಹರಿದುಕೊಂಡು ಬರುವುದೂ ಕಡಿಮೆ.

ಗಂಡು ನಾಯಿ ಸಾಕಿದವರು "ನಮಗೇನು, ನಮ್ಮದು ಮರಿ ಹಾಕುವುದಿಲ್ಲವಲ್ಲ" ಎಂದು ಸುಮ್ನೆ ಕೂತಿರುತ್ತಾರೆ. ಮೂರು ಓಣಿ ಆಚೆ ಬೆದೆಗೆ ಬಂದ ಹೆಣ್ಣಿನ ವಾಸನೆ ಬಂದರೂ ಅದು ಕಾಂಪೌಂಡು ಹಾರುತ್ತದೆ. ಟೋಲ್ ನಾಕಾದಂಥ ರಸ್ತೆಯಲ್ಲಿ ಗಾಡಿಗೆ ಸಿಕ್ಕ ಗಂಡು ನಾಯಿಗಳಲ್ಲಿ ಎಷ್ಟೋ ಹೀಗೆ ಹಾರಿ ಹೋದವು. ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಸಂಡಾಸಕ್ಕೆ ಒದ್ದಾಡುವುದು, ಬೀಜದಲ್ಲೇ ಗಂಟು, ಗುದದ ಸುತ್ತ ಗಂಟು, ಇವುಗಳಿಂದಲೂ ಆಪರೇಷನ್ ಕಾಪಾಡುತ್ತದೆ. ಒಂದು ಬೀಜ ಮಾತ್ರ ಕೆಳಗಿಳಿದು ಇನ್ನೊಂದು ಹೊಟ್ಟೆಯಲ್ಲೇ ಉಳಿದ ನಾಯಿಗಂತೂ ತಡಮಾಡಬೇಡಿ, ಒಳಗೆ ಉಳಿದದ್ದು ಕ್ಯಾನ್ಸರಾಗುವ ಸಂಭವ ಬಹಳ ಹೆಚ್ಚು.

ಬೀದಿಯಲ್ಲಿ ಕೂಡಿ ಬಂದ ನಾಯಿಗಳಲ್ಲಿ ಇನ್ನೊಂದು ರೋಗ ನೋಡುತ್ತೇವೆ. ಮೂತ್ರ ಮಾಡುವ ಜಾಗದಲ್ಲಿ ಹೂಕೋಸಿನಂಥ ಗಡ್ಡೆ, ಹನಿ ಹನಿ ರಕ್ತ. ಇದೊಂದು ವಿಚಿತ್ರ ಕ್ಯಾನ್ಸರ್. ಒಂದು ನಾಯಿಯಿಂದ ಇನ್ನೊಂದಕ್ಕೆ ಕ್ಯಾನ್ಸರಿನ ಜೀವಕೋಶಗಳೇ ಅಂಟುತ್ತವೆ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಕೋಶಗಳು ಇವತ್ತು ಧಾರವಾಡದ ನಾಯಿಯಲ್ಲೂ ಬದುಕಿವೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ವಾಸಿಯಾಗುತ್ತದೆ. ಕೂಡುವುದೇ ತಪ್ಪಿದರೆ ಅಂಟುವ ದಾರಿಯೇ ಬಹುಪಾಲು ಮುಚ್ಚುತ್ತದೆ.

ಈಗ ತೊಂದರೆಗಳನ್ನೂ ಹೇಳಬೇಕು. ಹೇಳದಿದ್ದರೆ ನಾಳೆ ನೀವು ನನ್ನನ್ನು ನಂಬುವುದಿಲ್ಲ.

ಆಪರೇಷನ್ ಆದ ಮೇಲೆ ನಾಯಿ ದಪ್ಪ ಆಗುತ್ತದೆ ಅನ್ನುವುದು ಅರ್ಧ ನಿಜ. ಮೈಗೆ ಬೇಕಾದ ಊಟ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ, ಹಸಿವು ಮಾತ್ರ ಜಾಸ್ತಿ. ನೀವು ಮೊದಲಿನಷ್ಟೇ ಅನ್ನ, ರೊಟ್ಟಿ, ಮೇಲೆ ಬಿಸ್ಕೀಟು ಹಾಕಿದರೆ ದಪ್ಪ ಆಗೇ ಆಗುತ್ತದೆ. ಕೆಲವು ಹೆಣ್ಣು ನಾಯಿಗಳಿಗೆ, ಅದರಲ್ಲೂ ದೊಡ್ಡ ಜಾತಿಯವಕ್ಕೆ, ವಯಸ್ಸಾದ ಮೇಲೆ ಮಲಗಿದಲ್ಲೇ ಮೂತ್ರ ಸೋರಬಹುದು, ಅದಕ್ಕೆ ಔಷಧಿ ಇದೆ. ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ನಾಯಿಗಳಿಗೆ ಒಂದು ವರ್ಷದೊಳಗೇ ಮಾಡಿದರೆ ಕೀಲಿನ ತೊಂದರೆ ಹೆಚ್ಚು ಎಂದು ಕ್ಯಾಲಿಫೋರ್ನಿಯಾದ ಪಶುವೈದ್ಯರು ತೋರಿಸಿದ್ದಾರೆ. ಎಲುಬು ಬೆಳೆದು ನಿಲ್ಲಲು ಬೀಜ, ಅಂಡಾಶಯಗಳಿಂದ ಬರುವ ಹಾರ್ಮೋನು ಬೇಕು. ಅದಕ್ಕೇ ಸಣ್ಣ ಜಾತಿಯ, ನಮ್ಮ ನಾಡಿನ ನಾಯಿಗಳಿಗೆ ಆರು ತಿಂಗಳ ಹೊತ್ತಿಗೆ, ದೊಡ್ಡ ಜಾತಿಗೆ ಒಂದರಿಂದ ಒಂದೂವರೆ ವರ್ಷಕ್ಕೆ ಎಂದು ನಾನು ಹೇಳುವುದು. ಇನ್ನೊಂದು, ಗಂಡು ನಾಯಿ ಹೆದರಿ ಕಚ್ಚುತ್ತಿದ್ದರೆ ಆಪರೇಷನ್ ಮಾಡಿಸಿದ ಮಾತ್ರಕ್ಕೆ ಅದು ಸಾಧು ಆಗುವುದಿಲ್ಲ. ಹಾಗೇ ಮನೆ ಕಾಯುವ ನಾಯಿ ಕಾಯುವುದನ್ನೂ ಬಿಡುವುದಿಲ್ಲ. ಅಪರಿಚಿತರನ್ನು ಕಂಡರೆ ಬೊಗಳುವುದಕ್ಕೆ ಬೀಜ ಬೇಕಿಲ್ಲ.

ಮುಧೋಳ ನಾಯಿ ಸಾಕಿದವರು ಇಲ್ಲಿ ಇದ್ದೀರಾ? ಮೂರು ಕೈ ಕಾಣುತ್ತಿವೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು, ನಮ್ಮ ಭಾಗದ ಹೆಮ್ಮೆ. ಮೈಯಲ್ಲಿ ಕೊಬ್ಬು ಇಲ್ಲದ ಇಂಥ ಬೇಟೆನಾಯಿಗಳಿಗೆ ಥಯೋಪೆಂಟಾಲ್‌ನಂಥ ಕೆಲವು ಹಳೆಯ ಅರಿವಳಿಕೆ ಕೊಟ್ಟರೆ ಎಚ್ಚರ ಆಗಲು ಬಹಳ ತಡ. ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿ, "ಇದು ಮುಧೋಳ" ಅಂತ. ಅವರು ಬೇರೆ ಔಷಧ ಆರಿಸಿಕೊಳ್ಳುತ್ತಾರೆ.

ಎಲ್ಲ ನಾಯಿಗಳಿಗೂ ಬೇಕಾದ ಇನ್ನೊಂದು ಎಚ್ಚರ, ಉಣ್ಣಿ. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರುತ್ತದೆ. ಹೊರಗೆ ನಾಯಿ ಚೆನ್ನಾಗಿಯೇ ಕಾಣುತ್ತದೆ. ಮೇಜಿನ ಮೇಲೆ ಮಲಗಿಸಿ ಕೊಯ್ದಾಗ ರಕ್ತ ನಿಲ್ಲುವುದಿಲ್ಲ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸದೆ ಆಪರೇಷನ್ ಬೇಡ ಎಂದು ನಾನು ಒತ್ತಿ ಹೇಳುತ್ತೇನೆ. ಅದರ ಖರ್ಚು ಉಳಿಸಲು ಹೋಗಬೇಡಿ. ಹಿಂದಿನ ರಾತ್ರಿ ಊಟ ಬೇಗ ಹಾಕಿ, ಬೆಳಿಗ್ಗೆ ಏನೂ ಕೊಡದೆ ಕರೆತನ್ನಿ. "ಪಾಪ ಹಸಿದೈತಿ" ಎಂದು ಕದ್ದು ಒಂದು ಚಪಾತಿ ಹಾಕಿದರೆ, ಮತ್ತಿನಲ್ಲಿ ಅದು ವಾಂತಿಯಾಗಿ ಉಸಿರುನಾಳಕ್ಕೆ ಹೋಗಬಹುದು.

ಬೀದಿನಾಯಿಗಳ ವಿಷಯ ಇವತ್ತಿನದಲ್ಲ, ಆದರೂ ಒಂದೆರಡು ಮಾತು. 2023ರಲ್ಲಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ ಸಾಕುಪ್ರಾಣಿಯ ಜಂತಿನ ಔಷಧ, ಲಸಿಕೆ, ಸಂತಾನಹರಣ ಇವೆಲ್ಲ ಮಾಲೀಕರ ಜವಾಬ್ದಾರಿ ಎಂದು ಬರೆದಿದೆ. ಬೀದಿನಾಯಿಯದ್ದು ಊರಾಡಳಿತದ ಕೆಲಸ. ಕಿವಿಯ ತುದಿ ಸ್ವಲ್ಪ ಕತ್ತರಿಸಿದ ನಾಯಿ ನೋಡಿರುತ್ತೀರಿ, ಅದಕ್ಕೆ ಆಪರೇಷನ್ ಆಗಿದೆ, ರೇಬೀಸ್ ಲಸಿಕೆಯೂ ಬಿದ್ದಿದೆ ಎಂದು ಅರ್ಥ. ಜೈಪುರದಲ್ಲಿ 1994ರಿಂದ ಎಡೆಬಿಡದೆ ಹೀಗೆ ಮಾಡಿದರು. ಎಂಟು ವರ್ಷದಲ್ಲಿ ಆ ಭಾಗದ ಬೀದಿನಾಯಿಗಳು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾದವು, ಮನುಷ್ಯರಿಗೆ ರೇಬೀಸ್ ಬರುವುದು ಅಲ್ಲಿ ನಿಂತಿತು. ಆದರೆ ಒಂದು ಕಡೆ ನಗರಪಾಲಿಕೆ ಆಪರೇಷನ್ ಮಾಡಿಸುತ್ತ, ಇನ್ನೊಂದು ಕಡೆ ನಮ್ಮ ಮನೆಗಳಿಂದ ಪೆಟ್ಟಿಗೆಗಳು ಹೊರಗೆ ಹೋಗುತ್ತಿದ್ದರೆ ಆ ಕೆಲಸ ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಅಜ್ಜಿ ಕೇಳಿದರು: "ದೇವರು ಕೊಟ್ಟದ್ದನ್ನ ನಾವು ತಗೀಬಹುದೇನಪಾ?" ನಾನು ಹೇಳಿದೆ, "ಅಮ್ಮಾ, ಕಾಡಿನಲ್ಲಿದ್ದಿದ್ದರೆ ನಾನೂ ಕೈ ಹಾಕುತ್ತಿರಲಿಲ್ಲ. ಅದನ್ನು ಮನೆಗೆ ತಂದು, ಸರಪಳಿ ಹಾಕಿ, ಅನ್ನ ಹಾಕಿದ್ದು ನಾವು. ಅದರ ಮರಿಗಳಿಗೆ ಅನ್ನ ಹಾಕಲು ಆಗದಿದ್ದರೆ, ಅವು ಹುಟ್ಟದ ಹಾಗೆ ನೋಡಿಕೊಳ್ಳುವುದೂ ನಮ್ಮ ಮೇಲೆಯೇ ಬಂತಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೆಕ್ಕಿಗೆ ಯಾವಾಗ ತರ್ಲಿ?" ಅಂದರು.

ಬೆದೆಯಲ್ಲಿರುವಾಗಲೇ ಮಾಡಿಸಬಹುದಾ ಎಂದು ಒಬ್ಬರು ಕೇಳಿದರು. ಆಗ ಅಲ್ಲಿನ ರಕ್ತನಾಳಗಳು ಊದಿರುತ್ತವೆ, ರಕ್ತ ಜಾಸ್ತಿ ಹೋಗುತ್ತದೆ. ನಾಯಿಯಾದರೆ ಮೂರು ತಿಂಗಳು ಬಿಟ್ಟು ಮಾಡಿಸುವುದು ಒಳ್ಳೆಯದು. ಗಂಡು ನಾಯಿಗೆ ಆಪರೇಷನ್ ಆದ ಕೂಡಲೇ ಹೆಣ್ಣಿನ ಜೊತೆ ಬಿಡಬಹುದಾ ಎಂದು ಇನ್ನೊಬ್ಬರು. ಬೇಡ, ಒಂದು ತಿಂಗಳಿಗಿಂತ ಹೆಚ್ಚು ದೂರ ಇಡಿ. ನಾಳದಲ್ಲಿ ಉಳಿದ ವೀರ್ಯದಿಂದ ಮರಿ ಆಗಬಹುದು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಆರನೆಯ ಇಯತ್ತೆಯವನು. ಪೆಟ್ಟಿಗೆಯ ಎರಡು ಕುನ್ನಿಗಳಲ್ಲಿ ಒಂದು ಈಗ ಅವನ ಮನೆಯಲ್ಲಿದೆ. ಹೆಸರು ರಾಣಿ, ಏಳು ತಿಂಗಳು. ಬರುವ ಗುರುವಾರ ಅವಳ ಆಪರೇಷನ್.

"ಡಾಕ್ಟ್ರ, ಟಾಕಿ ಹಾಕಿದ ಮ್ಯಾಲೆ ರಾಣಿ ಎಷ್ಟ್ ದಿನಕ್ಕ ಓಡ್ತಾಳ್ರಿ?"

ನಾನು ಅವನಿಗೆ ಹೇಳಿದ್ದು ಇಷ್ಟು. ಮೊದಲ ರಾತ್ರಿ ಅವಳು ಮತ್ತಿನಲ್ಲೇ ಇರುತ್ತಾಳೆ, ಚಳಿ ಆಗುತ್ತದೆ, ಗೋಣಿತಟ್ಟಿನ ಮೇಲೆ ಒಂದು ಕೌದಿ ಹಾಸಿ ನೆಲದ ಮೇಲೇ ಮಲಗಿಸು, ಮಂಚದ ಮೇಲೆ ಬೇಡ, ಬೀಳುತ್ತಾಳೆ. ಕುತ್ತಿಗೆಗೆ ಹಾಕಿದ ಬುಟ್ಟಿಯಂಥ ಕಾಲರನ್ನು ಅವಳು ಎಷ್ಟು ಮುಖ ಸಣ್ಣ ಮಾಡಿದರೂ ತೆಗೆಯಬೇಡ, ನೆಕ್ಕಿದರೆ ಟಾಕಿ, ಅಂದರೆ ಹೊಲಿಗೆ, ಬಿಚ್ಚುತ್ತವೆ. ದಿನಕ್ಕೆ ಎರಡು ಸಲ ಗಾಯ ನೋಡು. ಕೆಂಪಾದರೆ, ನೀರು ಬಂದರೆ, ರಾತ್ರಿಯಾದರೂ ಬಂದು ಬಾಗಿಲು ಬಡಿ. ಹತ್ತರಿಂದ ಹದಿನಾಲ್ಕು ದಿನಕ್ಕೆ ಟಾಕಿ ತೆಗೆಯೋಣ. ಅಲ್ಲಿಯತನಕ ಸರಪಳಿ ಹಿಡಿದು ಅಂಗಳದಲ್ಲಿ ಮಾತ್ರ. ಆಮೇಲೆ ಒಂದೆರಡು ದಿನ ಬಿಟ್ಟು, ಮಳೆ ಇಲ್ಲದ ಸಂಜೆ ನೋಡಿಕೊಂಡು, ಕೆಲಗೇರಿ ಕೆರೆಯ ದಂಡೆಗೆ ಕರೆದುಕೊಂಡು ಹೋಗು. ಎಷ್ಟು ಬೇಕೋ ಅಷ್ಟು ಓಡಲಿ.